ವಾಸನೆಯಿಲ್ಲದ ಲ್ಯಾಬು

ಜಿಲ್ಲೆಗೆ ಮಳೆ ರಜೆ ಕೊಟ್ಟ ದಿನವೇ ಬಿಸಿಲು ಬರುವುದು ನಮ್ಮಲ್ಲಿ ಪದ್ಧತಿ. ಅವತ್ತೂ ಬೆಳಗಿನ ಜಾವದವರೆಗೆ ಜಪ್ಪಿದ ಮಳೆ ಒಂಬತ್ತಕ್ಕೆಲ್ಲ ಹೊಳವಾಗಿತ್ತು. ಅಡಿಕೆ ತೋಟಕ್ಕೆ ಎರಡನೇ ಔಷಧಿ ಹೊಡೆಯೋಕೆ ಬರ್ತೀನಿ ಅಂದಿದ್ದ, ಮರ ಹತ್ತುವ ಕೊನೆಗೌಡ ಮಾತ್ರ ಬಂದಿರಲಿಲ್ಲ. ಹಾಗಾಗಿ ಶೀನನ ಜಗಲಿಯಲ್ಲಿ ಎಲೆ ತಟ್ಟೆಯ ಸುತ್ತ ಕೂತೆವು. ಮಾಡಲು ಬೇರೆ ಕೆಲಸವಿಲ್ಲದ್ದರಿಂದ ಮಾತು ಶಿಕ್ಷಣದ ಕಡೆ ತಿರುಗಿತು.

“ನಮ್ಮ ಮಾಣಿ ಶಾಲೇಲಿ ಈಗ ಕೆಮಿಸ್ಟ್ರಿ ಪೂರ್ತಿ ಕಂಪ್ಯೂಟರಲ್ಲೇ,” ಶೀನ ಎದೆಯುಬ್ಬಿಸಿದ. “ಸಿಮ್ಯುಲೇಶನ್! ಆಸಿಡ್ ಸುರಿಯೋದು, ಕಾಯಿಸೋದು, ಅಳೆಯೋದು, ಎಲ್ಲ ಮೌಸಲ್ಲಿ. ಕೈ ಒದ್ದೆ ಆಗಲ್ಲ.”

“ಈಜು ಕಲಿಸೋದೂ ಹಾಗೇನಾ?” ಅಂದೆ.

“ನಿನಗೆ ಎಲ್ಲದರಲ್ಲೂ ಕೊಂಕು,” ಮೇಷ್ಟ್ರು ಗದರಿದರು. “ಇಂಥ ಸಿಮ್ಯುಲೇಶನ್‌ಗಳದ್ದೇ ಫೆಟ್ ಅಂತ ಒಂದು ಜಾಲತಾಣ ಇದೆ. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ತಗೊಂಡ ಕಾರ್ಲ್ ವೀಮನ್ ಮಾರನೇ ವರ್ಷವೇ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಪುಕ್ಕಟೆ ಬೇರೆ. ನಾನು ಮೂವತ್ತು ವರ್ಷ ಬೋರ್ಡಿನ ಮೇಲೆ ಸೊನ್ನೆ ಸುತ್ತಿ ‘ಇದೇ ಅಣು ಅಂದ್ಕೊಳಿ’ ಅಂದೆ. ಹಿಂದಿನ ಬೆಂಚಿನವರು ಸೊನ್ನೆ ಅಂತಲೇ ಅಂದ್ಕೊಂಡ್ರು, ಪರೀಕ್ಷೇಲೂ ಅದನ್ನೇ ತಗೊಂಡ್ರು. ಇದರಲ್ಲಿ ನೋಡು, ಕಾಯಿಸಿದರೆ ಕಣಗಳು ಹೇಗೆ ಎದ್ದೋಡ್ತಾವೆ ಅಂತ ಕಣ್ಣಿಗೇ ಕಾಣತ್ತೆ.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಥ ಹೊತ್ತಲ್ಲಿ ಪ್ರಶ್ನೆ ಕೇಳಬೇಕು.

“ವಾಸನೆ ಬರತ್ತಾ?”

“ಯಾವ ವಾಸನೆ?”

“ಹೈಡ್ರೋಜನ್ ಸಲ್ಫೈಡಿಂದು. ಪುಸ್ತಕದಲ್ಲಿ ಕೊಳೆತ ಮೊಟ್ಟೆಯ ವಾಸನೆ ಅಂತ ಬರೆದಿತ್ತು. ನಮ್ಮನೇಲಿ ಒಳ್ಳೇ ಮೊಟ್ಟೆಯೇ ಹೊಸಿಲು ದಾಟಿದ್ದಿಲ್ಲ, ಇನ್ನು ಕೊಳೆತದ್ದೆಲ್ಲಿ? ಆ ಅನಿಲ ನನ್ನ ಮೂಗಿಗೆ ಬಡಿದದ್ದು ಕಾಲೇಜು ಲ್ಯಾಬಲ್ಲಿ, ಅನಿಲ ತಯಾರಿಸೋ ಕಿಪ್ಪನ ಉಪಕರಣದ ಮುಂದೆ. ಆಮೇಲೆ ಶಿವಮೊಗ್ಗದಲ್ಲಿ ರೂಮು ಮಾಡಿದ್ದಾಗ ಪಕ್ಕದವನ ಬುಟ್ಟೀಲಿ ನಿಜವಾಗ್ಲೂ ಮೊಟ್ಟೆ ಕೊಳೀತು. ನಾನು ಓಡಿಬಂದು ಹೇಳಿದ್ದೇನು ಗೊತ್ತಾ? ‘ಯಾರೋ ಹೈಡ್ರೋಜನ್ ಸಲ್ಫೈಡ್ ಬಿಟ್ಟಿದಾರೆ!’”

“ಅದು ವಿಷ ಮಾರಾಯ. ಬರದೇ ಇದ್ದದ್ದೇ ಒಳ್ಳೇದಾಯ್ತು.”

“ಇರಲಿ. ಸೋಡಿಯಂ ನೀರಿಗೆ ಬಿದ್ರೆ ಬೆಂಚು ಸುಡತ್ತಾ? ನೈಟ್ರಿಕ್ ಆಸಿಡ್ ತಾಗಿ ಬೆರಳು ಹಳದಿ ಆಗತ್ತಾ? ಮನೇಲಿ ಬೈಸ್ಕೊಳ್ಳೋಕೆ ಅಂಗೀಲಿ ತೂತಾದ್ರೂ?”

“ಏನೂ ಆಗಲ್ಲ. ತಪ್ಪಾದ್ರೆ ಕೆಳಗೆ ಕಿತ್ತಳೆ ಬಣ್ಣದ ಗುಂಡಿ ಇದೆ, ರೀಸೆಟ್. ಒತ್ತಿದ್ರೆ ಎಲ್ಲ ಮೊದಲಿನ ಹಾಗೆ.” ಶೀನ ಹೊಸ ಬೈಕಿನ ಮೈಲೇಜು ಹೇಳುವವನ ಹಾಗೆ ಹೇಳಿದ.

ಒಳಗಿಂದ ಕಾಫಿ ತಂದ ಅತ್ತಿಗೆ ಅಲ್ಲೇ ನಿಂತರು. “ಆ ಗುಂಡಿ ಮದುವೆಗೂ ಬರತ್ತಾ?”

ಶೀನ ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮಗ್ನನಾದ. ಅವನ ಮಾನ ಕಾಯಲೋ ಏನೋ ಮೇಷ್ಟ್ರು ಪಿಎಚ್, ಅಂದರೆ ಆಮ್ಲ-ಪ್ರತ್ಯಾಮ್ಲ ಅಳೆಯುವ ಅಳತೆಗೋಲಿನ ಮಾತು ತೆಗೆದರು; ಅಂಕಿ ಕಡಿಮೆಯಾದಷ್ಟೂ ಆಮ್ಲ ಹೆಚ್ಚು. ಅದಕ್ಕೂ ಒಂದು ಸಿಮ್ಯುಲೇಶನ್ ಇದೆಯಂತೆ. ಹಾಲು, ರಕ್ತ, ಕಾಫಿ, ಉಗುಳು, ಕೊನೆಗೆ ವಾಂತಿಯನ್ನೂ ನಲ್ಲಿ ತಿರುಗಿಸಿ ಪಾತ್ರೆಗೆ ಬಿಡಬಹುದಂತೆ. ಕಾಫಿಗೆ 5, ವಾಂತಿಗೆ 2.

“ಬರೀ ಮೂರೇ ವ್ಯತ್ಯಾಸವಾ?” ಶೀನ ಲೋಟ ಕೆಳಗಿಟ್ಟ.

“ಒಂದೊಂದು ಮೆಟ್ಟಿಲಿಗೆ ಹತ್ತು ಪಟ್ಟು ಕಣೋ. ಮೂರು ಅಂದ್ರೆ ಸಾವಿರ ಪಟ್ಟು.” ಶೀನ ಸಮಾಧಾನದಿಂದ ಮತ್ತೆ ಲೋಟ ಎತ್ತಿದ.

“ಅರಿಶಿನದ ನೀರಿಗೆ ಚೂರು ಸುಣ್ಣ ಬಿದ್ರೆ ಕೆಂಪಗಾಗತ್ತೆ,” ಅಂದೆ. “ಅತ್ತಿಗೆ ವರ್ಷಕ್ಕೆ ಹತ್ತು ಸಲ ಆರತಿಗೆ ಮಾಡ್ತಾರೆ. ಅದು ಪ್ರತ್ಯಾಮ್ಲದ ಪರೀಕ್ಷೆ ಅಂತ ಆ ಮಾಣಿಗೆ ಯಾರಾದ್ರೂ ಹೇಳಿದಾರಾ? ಅಮೆರಿಕದ ವಾಂತಿ ಗೊತ್ತು, ಮನೆ ಆರತಿ ಗೊತ್ತಿಲ್ಲ.”

ಅಷ್ಟರಲ್ಲಿ ಕರೆಂಟು ಹೋಯಿತು. ಶರಾವತಿಯ ಕರೆಂಟು ಹುಟ್ಟುವುದು ನಮ್ಮ ಜಿಲ್ಲೆಯಲ್ಲೇ. ಆದರೆ ಬೆಂಗಳೂರಿಗೆ ಕೊಟ್ಟ ಮಗಳ ಹಾಗೆ, ಮಳೆಗಾಲದಲ್ಲಿ ತವರಿನ ಕಡೆ ತಲೆ ಹಾಕುವುದಿಲ್ಲ. ಒಳಗೆ ಮಾಣಿ “ಥತ್!” ಅಂದದ್ದು ಕೇಳಿತು.

“ಲ್ಯಾಬಿಗೆ ಬೀಗ ಬಿತ್ತು,” ಅಂದೆ.

ಮೇಷ್ಟ್ರು ಬಿಡುವವರಲ್ಲ. ಅಂಗಳದ ಡ್ರಮ್ ತೋರಿಸಿದರು. “ತೋಟಕ್ಕೆ ಹೊಡೆಯೋ ನಿನ್ನ ಬೋರ್ಡೋ ದ್ರಾವಣ ಹೇಗೆ ಬಂತು ಗೊತ್ತಾ? ಫ್ರಾನ್ಸಲ್ಲಿ ದಾರಿ ಬದಿಯ ದ್ರಾಕ್ಷಿ ಕದೀಬಾರದು ಅಂತ ರೈತರು ತುತ್ತ, ಅದೇ ತಾಮ್ರದ ಸಲ್ಫೇಟು, ಸುಣ್ಣದ ಜೊತೆ ಎರಚ್ತಿದ್ರು. ಆ ಬಳ್ಳಿಗಳಿಗೆ ಮಾತ್ರ ರೋಗ ಬರಲಿಲ್ಲ. ಮಿಲಾರ್ಡೆ ಅನ್ನೋ ವಿಜ್ಞಾನಿ ಅದನ್ನ ಗಮನಿಸಿ ಪ್ರಯೋಗ ಮಾಡಿ 1885ರಲ್ಲಿ ಲೋಕಕ್ಕೆ ಹೇಳಿದ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಕೋಲ್ಮನ್ ಸಾಹೇಬ್ರು ಅದನ್ನೇ ಅಡಿಕೆ ಕೊಳೆರೋಗಕ್ಕೆ ಹಚ್ಚಿದ್ರು.”

“ಅಂದ್ರೆ ಕಳ್ಳರು ಇಲ್ಲದಿದ್ರೆ ನಮ್ಮ ತೋಟ ಉಳೀತಿರಲಿಲ್ಲ. ನಿಮ್ಮ ಸಿಮ್ಯುಲೇಶನ್ನಲ್ಲಿ ಕಳ್ಳರಿದಾರಾ ಮೇಷ್ಟ್ರೇ?”

ಮೇಷ್ಟ್ರು ನಕ್ಕುಬಿಟ್ಟರು. ಗೆದ್ದ ಹುರುಪಿನಲ್ಲಿ ನಾನೇ ಎದ್ದು ದ್ರಾವಣ ಬೆರೆಸಲು ಹೊರಟೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಸುಣ್ಣದ ತಿಳಿಗೆ ತುತ್ತದ ನೀರು ಹೊಯ್ಯುವಾಗ ಏಳುವ ಆ ಆಕಾಶನೀಲಿ ನೋಡಿದಾಗಲೆಲ್ಲ ಅಪ್ಪಯ್ಯ ನೆನಪಾಗುತ್ತಾರೆ. ಆಷಾಢ ಕಳೆಯುವವರೆಗೂ ಅವರ ಉಗುರಿನ ಸಂದಿಯಿಂದ ಆ ನೀಲಿ ಹೋಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಅನ್ನದ ಮೇಲೆ ಆ ಬೆರಳು ಎದ್ದು ಕಾಣುತ್ತಿದ್ದವು. ಹದ ನೋಡಲು ಕತ್ತಿಯನ್ನು ಪಂಚೆಗೆ ಒರೆಸಿ ಅದ್ದುತ್ತಿದ್ದರು. ಅಲಗು ಕೆಂಪಾದರೆ ತುತ್ತ ಹೆಚ್ಚು, ಮಿಡಿ ಸುಟ್ಟುಹೋಗುತ್ತದೆ, ಸುಣ್ಣ ಹಾಕಬೇಕು. ಆಗದಿದ್ದರೆ ಹೊಡೆಯಬಹುದು. ಅವರು ಓದಿದ್ದು ನಾಲ್ಕನೇ ಇಯತ್ತೆ.

“ಮಾಣಿ, ಬಾ ಇಲ್ಲಿ,” ಕೂಗಿದೆ. “ಕತ್ತಿ ಹಿಡಿ. ಉಜ್ಜಿ ಸ್ವಚ್ಛ ಮಾಡು. ಅದ್ದು.”

ಒಂದು ನಿಮಿಷ ಹುಡುಗ ಉಸಿರು ಬಿಗಿಹಿಡಿದು ನಿಂತ. ಎಲ್ಲರೂ ಜಗಲಿಯಿಂದ ಇಳಿದು ಬಂದರು. ಕತ್ತಿ ಎತ್ತಿದಾಗ ಅಲಗಿನ ತುಂಬ ತಾಮ್ರದ ಕೆಂಪು.

ಮಾಣಿ ಕಣ್ಣರಳಿಸಿದ. “ಅಯ್ಯೋ! ಸ್ಥಾನಪಲ್ಲಟ ಕ್ರಿಯೆ! ಕಬ್ಬಿಣದ ಮೊಳೆ, ತಾಮ್ರದ ಸಲ್ಫೇಟು! ಸೇಮ್ ನಮ್ಮ ಸಿಮ್ಯುಲೇಶನ್ ಥರಾನೇ ಬಂತು!”

ಮೇಷ್ಟ್ರು ನನ್ನ ಮುಖ ನೋಡಿದರು.

“ಕೊಳೆತ ಮೊಟ್ಟೆ,” ಅಂದರು ಮೆಲ್ಲಗೆ.

ನಾನು ಸುಣ್ಣದ ಬಕೆಟ್ಟಿಗೆ ಕೈ ಹಾಕಿದೆ.