ಏಳನೇ ಕ್ಲಾಸಿನ ಇಂಗ್ಲಿಷ್: ಮಾರ್ಕ್ಸ್ ಬರುತ್ತೆ, ಮಾತು ಬರಲ್ಲ

ಅರಸೀಕೆರೆ ಅಮ್ಮ:
ನನ್ನ ಮಗಳು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ಕ್ಲಾಸು, ಕನ್ನಡ ಮಾಧ್ಯಮ. ಇಂಗ್ಲಿಷಲ್ಲಿ ಮಾರ್ಕ್ಸ್ ಚೆನ್ನಾಗೇ ಬರುತ್ತೆ. ನೋಟ್ಸ್ ಅಂತೂ ಮುತ್ತು ಪೋಣಿಸಿದ ಹಾಗಿದೆ. ಮೊನ್ನೆ ಅದನ್ನು ಮುಚ್ಚಿಟ್ಟು, "ನಿನ್ನೆ ಅಜ್ಜಿ ಮನೇಲಿ ಏನು ಮಾಡಿದೆ, ಎರಡು ವಾಕ್ಯ ಇಂಗ್ಲಿಷಲ್ಲಿ ಬರಿ" ಅಂದೆ. ಹತ್ತು ನಿಮಿಷ ಪೆನ್ನು ಹಿಡಿದು ಕೂತಳು. ಆಮೇಲೆ ಅತ್ತಳು. ನೋಟ್ಸಲ್ಲಿ ಇರೋದೆಲ್ಲ ಬೋರ್ಡು ನೋಡಿ ಬರೆದದ್ದಂತೆ. ಮುಂದಿನ ವರ್ಷ ಹೇಗೂ ಹೈಸ್ಕೂಲಿಗೆ ಹೋಗಬೇಕು. ಖಾಸಗಿ ಇಂಗ್ಲಿಷ್ ಮೀಡಿಯಂಗೆ ಹಾಕಿಬಿಡಲಾ? ಹಾಕಿದವರು ಹೇಳಿ.

ತಿಪಟೂರಿನವನು:
ನಾನು ಹಾಕಿದೆ ಅಕ್ಕ. ಇಂಗ್ಲಿಷ್ ಒಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ವಿಜ್ಞಾನ, ಗಣಿತ, ಸಮಾಜ ಎಲ್ಲ ಒಟ್ಟಿಗೇ ಇಂಗ್ಲಿಷಿಗೆ ತಿರುಗಿತು. ದ್ಯುತಿಸಂಶ್ಲೇಷಣೆಯನ್ನು ಚಿತ್ರ ಬರೆದು ವಿವರಿಸುತ್ತಿದ್ದ ಹುಡುಗ ಫೋಟೋಸಿಂಥೆಸಿಸ್ ಅಂದರೆ ತಲೆ ತಗ್ಗಿಸುತ್ತಿದ್ದ. ಫೀಸಿನ ಮೇಲೆ ಟ್ಯೂಷನ್ ಬೇರೆ. ಅಲ್ಲೂ ಉತ್ತರ ಉರು ಹೊಡೆಸೋದೇ ಜಾಸ್ತಿ.

ಗಾರೆ ಕೆಲಸದ ಅಪ್ಪ:
ಸೈಟಲ್ಲಿ ಇಂಜಿನಿಯರು ಇಂಗ್ಲಿಷಲ್ಲಿ ಮಾತಾಡಿದರೆ ನಾನು ಪಕ್ಕಕ್ಕೆ ಸರಿದು ನಿಲ್ಲುತ್ತೇನೆ. ನನ್ನ ಮಗಳು ಹಾಗೆ ನಿಲ್ಲಬಾರದು. ಅಷ್ಟೇ ನನ್ನ ಆಸೆ. 2019-20ರಲ್ಲಿ ಸರ್ಕಾರವೇ 1000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು. ಅದು ನಮ್ಮೂರಿಗೂ ಬರಲಿ. ಕನ್ನಡ ಮಾಧ್ಯಮ ಸಾಕು ಅಂತ ಬಡವರಿಗೆ ಮಾತ್ರ ಹೇಳಬೇಡಿ.

ಹಾಸನ ಕಡೆಯ ಟೀಚರ್:
ಅಣ್ಣ, ನಿಮ್ಮ ಮಾತು ನ್ಯಾಯ. ಆದರೆ ಮಾಧ್ಯಮ ಬದಲಾದರೂ ಪಾಠ ಮಾಡುವವರು ನಾವೇ ಅಲ್ವಾ? ನಮ್ಮಲ್ಲಿ 2007-08ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಇದೆ. ಆರರಿಂದ ಎಂಟಕ್ಕೆ ಪದವೀಧರ ಶಿಕ್ಷಕರ ಹುದ್ದೆಗಳಿವೆ. ಇಂಗ್ಲಿಷಿನ ಹುದ್ದೆ ಖಾಲಿ ಇದ್ದ ಕಡೆ ಸಮಾಜ ವಿಜ್ಞಾನದವರೋ ಅತಿಥಿ ಶಿಕ್ಷಕರೋ ತೆಗೆದುಕೊಳ್ಳುತ್ತಾರೆ. ಅವರಿಗೇ ಧೈರ್ಯ ಇರಲ್ಲ. ಅದಕ್ಕೇ ಗೈಡು ನೋಡಿ ಬೋರ್ಡ್ ತುಂಬಿಸೋದು. ಇದು ತಪ್ಪೇ, ನಾನೂ ಮೊದಲು ಹಾಗೇ ಮಾಡಿದ್ದೇನೆ. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿ ಆದ ಮೇಲೆ ಬದಲಾದೆ. ಮಕ್ಕಳನ್ನು ಜೋಡಿ ಮಾಡಿ ಮಾತಾಡಿಸುತ್ತೇನೆ. ತಪ್ಪು ಮಾತಾಡಿದರೂ ತಡೆಯಲ್ಲ.

ಇನ್ನೊಂದು ಮಾತು. ಈಗ ಏಳರಲ್ಲಿರುವ ಮಕ್ಕಳು ಅಕ್ಷರ ಕೂಡಿಸಿ ಓದಲು ಕಲಿಯಬೇಕಾದ ಹೊತ್ತಿಗೆ ಕೊರೊನಾ ಬಂದು ಶಾಲೆ ಮುಚ್ಚಿತು. ಮನೇಲಿ ಫೋನಿಲ್ಲದವರಿಗೆ ಆ ವರ್ಷ ಪೂರ್ತಿ ಹೋಯಿತು. ಮಗು ದಡ್ಡಿ ಅಂತ ಮಾತ್ರ ಅನ್ನಬೇಡಿ ಮೇಡಂ.

ಅರಸೀಕೆರೆ ಅಮ್ಮ:
ಅಂದೆ ಟೀಚರ್, ಅವತ್ತು ಸಿಟ್ಟಲ್ಲಿ ಅಂದುಬಿಟ್ಟೆ. ಈಗ ಸಂಕಟ ಆಗುತ್ತಿದೆ. ನಮ್ಮ ಶಾಲೆಯಲ್ಲೂ ಇಂಗ್ಲಿಷ್ ಹುದ್ದೆ ಖಾಲಿ. ನಾವು ಹೋಗಿ ಕೇಳಿದರೆ ಮೇಷ್ಟ್ರಿಗೆ ಬೇಜಾರಾಗಲ್ವಾ?

ಹಾಸನ ಕಡೆಯ ಟೀಚರ್:
ಪಾಠ ಸರಿಯಿಲ್ಲ ಅಂತ ಶುರು ಮಾಡಿದರೆ ಯಾರಿಗಾದರೂ ಬೇಜಾರಾಗುತ್ತೆ. ವಾರಕ್ಕೊಂದು ಸಲ ಮಕ್ಕಳು ತಾವೇ ಐದು ವಾಕ್ಯ ಬರೆಯಲಿ, ಕೆಂಪು ಗೀಟು ಬೇಡ ಅಂತ ಕೇಳಿ. ಹುದ್ದೆ ವಿಷಯ ಪೋಷಕರಿರುವ ಶಾಲಾ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಎತ್ತಿ. ನಡಾವಳಿಯಲ್ಲಿ ಬರೆಸಿ, ಅದರ ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕೊಡಿ. ಸುಮ್ನೆ ಬಾಯಲ್ಲಿ ಹೇಳಿ ಬಂದರೆ ಅಲ್ಲಿಗೇ ನಿಲ್ಲುತ್ತೆ.

ಗಾರೆ ಕೆಲಸದ ಅಪ್ಪ:
ಸಭೆ ಅಂದರೆ ನಾವು ರುಜು ಹಾಕಿ ಬರೋದು ಅಂದುಕೊಂಡಿದ್ದೆ. ಈ ಸಲ ಒಂದು ದಿನದ ಕೂಲಿ ಬಿಟ್ಟು ಹೋಗ್ತೇನೆ. ಇಂಗ್ಲಿಷ್ ಮಾಧ್ಯಮವನ್ನೂ ಕೇಳ್ತೇನೆ ಟೀಚರ್, ಅದನ್ನು ಬಿಡಲ್ಲ.

ತಿಪಟೂರಿನವನು:
ಕೇಳಿ ಅಣ್ಣ. ಮೊದಲು ಟೀಚರನ್ನು ಕೇಳಿ, ಆಮೇಲೆ ಮಾಧ್ಯಮ.

ಅರಸೀಕೆರೆ ಅಮ್ಮ:
ನಿನ್ನೆ ರಾತ್ರಿ ಅವಳ ಜೊತೆ ನಾನೂ ಬರೆಯಲು ಕೂತೆ. ನನಗೂ ಸರಿಯಾಗಿ ಬರಲ್ಲ. ಅಜ್ಜಿ ಮನೆ ಕರುವಿನ ಬಗ್ಗೆ ಮೂರು ವಾಕ್ಯ ಬರೆದಳು. ಎರಡು ತಪ್ಪಿತ್ತು, ಓದಿದರೆ ಅರ್ಥ ಆಗುತ್ತಿತ್ತು. ಶನಿವಾರ ಆ ಹಾಳೆ ತೆಗೆದುಕೊಂಡು ಶಾಲೆಗೆ ಹೋಗುತ್ತೇನೆ.