ಮರುಶಸ್ತ್ರಚಿಕಿತ್ಸೆಗೆ ಮುನ್ನ ಅಂಗಾಂಶ ಪರೀಕ್ಷೆಯ ಬಗ್ಗೆ ಏನೇನು ಕೇಳಿಟ್ಟುಕೊಳ್ಳಬೇಕು?

ಕೋರಿಕೆ

ನನ್ನ ತಾಯಿಯವರಿಗೆ ಕೆಲವು ವರ್ಷಗಳ ಹಿಂದೆ ಸೊಂಟದ ಕೀಲನ್ನು ಬದಲಿಸಲಾಗಿತ್ತು. ಈಗ ತೊಡೆಸಂದಿಯಲ್ಲಿ ನೋವು ಮತ್ತು ಊತ ಕಾಣಿಸಿಕೊಂಡಿವೆ. ಇದು ಸೋಂಕೋ, ಲೋಹಕ್ಕೆ ದೇಹ ತೋರುತ್ತಿರುವ ಪ್ರತಿಕ್ರಿಯೆಯೋ ಅಥವಾ ಬೇರಾವುದೋ ಅಪರೂಪದ ಕಾಯಿಲೆಯೋ ಎಂಬುದು ಸ್ಕ್ಯಾನ್‌ನಲ್ಲಿ ಸ್ಪಷ್ಟವಾಗಿಲ್ಲ. ಮರುಶಸ್ತ್ರಚಿಕಿತ್ಸೆ ಮಾಡಿ, ಅಂಗಾಂಶವನ್ನು ಬಯಾಪ್ಸಿಗೆ ಕಳುಹಿಸುವುದಾಗಿ ವೈದ್ಯರು ಹೇಳಿದ್ದಾರೆ. ಇಂಥ ಪರೀಕ್ಷೆಯಿಂದ ಏನು ತಿಳಿಯುತ್ತದೆ, ಮುಂಚಿತವಾಗಿ ಏನನ್ನು ವಿಚಾರಿಸಬೇಕು ಎಂಬುದನ್ನು ಅನುಭವವಿರುವವರು ತಿಳಿಸಬೇಕೆಂದು ಕೋರುತ್ತೇನೆ.

ರೋಗಶಾಸ್ತ್ರ ವಿಭಾಗದಲ್ಲಿ ಕೆಲಸ ಮಾಡುವವರ ಉತ್ತರ

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲೇ ತೀರ್ಮಾನವಾಗುತ್ತದೆ ಎಂಬುದನ್ನು ಮೊದಲು ಹೇಳಬೇಕು. ತೆಗೆದ ಅಂಗಾಂಶವನ್ನೆಲ್ಲ, ಅದು ಕೆಡದಂತೆ ಕಾಯ್ದಿಡುವ ದ್ರಾವಣವಾದ ಫಾರ್ಮಲಿನ್‌ನಲ್ಲಿ ಮುಳುಗಿಸಿಬಿಟ್ಟರೆ ಸೂಕ್ಷ್ಮಜೀವಿಗಳು ಸತ್ತುಹೋಗುತ್ತವೆ, ಆಮೇಲೆ ಕಲ್ಚರ್ ಮಾಡಲು, ಅಂದರೆ ಅವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಗುರುತಿಸಲು, ಏನೂ ಉಳಿಯುವುದಿಲ್ಲ. ಆದ್ದರಿಂದ ಕೀಲಿನ ಸುತ್ತಲಿನ ಬೇರೆ ಬೇರೆ ಜಾಗಗಳಿಂದ ಕನಿಷ್ಠ ಮೂರರಿಂದ ಐದು ತುಣುಕುಗಳನ್ನು ಫಾರ್ಮಲಿನ್ ಸೋಕದ ಶುದ್ಧ ಡಬ್ಬಿಗಳಲ್ಲಿ ಕಲ್ಚರ್‌ಗೆ ಕಳುಹಿಸಿ, ಉಳಿದದ್ದನ್ನು ಮಾತ್ರ ಫಾರ್ಮಲಿನ್‌ನಲ್ಲಿ ನಮಗೆ ಕಳುಹಿಸುತ್ತಾರೆಯೇ ಎಂದು ವಿಚಾರಿಸಿ. ಕೃತಕ ಕೀಲಿನಲ್ಲಿ ಸದ್ದಿಲ್ಲದೆ ನೆಲೆಸುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್‌ನಂಥ ಬ್ಯಾಕ್ಟೀರಿಯಾ ಬೆಳೆಯಲು ಎರಡು ವಾರ ಬೇಕಾಗುವುದರಿಂದ ಕಲ್ಚರನ್ನು ಅಷ್ಟು ದಿನ ಇಡುವಂತೆಯೂ ಕೇಳಿಕೊಳ್ಳಬಹುದು. ಶಸ್ತ್ರಚಿಕಿತ್ಸೆಗೆ ಮುಂಚೆ ತೆಗೆದುಕೊಂಡ ಆ್ಯಂಟಿಬಯಾಟಿಕ್ ಸೋಂಕಿದ್ದರೂ ಕಲ್ಚರ್‌ನಲ್ಲಿ ಏನೂ ಬೆಳೆಯದಂತೆ ಮಾಡಬಲ್ಲದು. ಆದರೆ ಅದನ್ನು ನಿಲ್ಲಿಸುವ ನಿರ್ಧಾರವನ್ನು ವೈದ್ಯರೇ ಕೈಗೊಳ್ಳಬೇಕು.

ಸೂಕ್ಷ್ಮದರ್ಶಕದಲ್ಲಿ ನಾವು ಮೊದಲು ಹುಡುಕುವುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು. 400 ಪಟ್ಟು ಹಿಗ್ಗಿಸಿ ನೋಡಿದ ಐದು ಕ್ಷೇತ್ರಗಳಲ್ಲಿ ಪ್ರತಿಯೊಂದರಲ್ಲೂ 5ಕ್ಕಿಂತ ಹೆಚ್ಚು ನ್ಯೂಟ್ರೋಫಿಲ್‌ಗಳಿದ್ದರೆ ಅದನ್ನು ಸೋಂಕಿನ ಪರವಾದ ಸಾಕ್ಷ್ಯವೆಂದು ಪರಿಗಣಿಸುವ ಮಾನದಂಡ 2011ರಿಂದ ವ್ಯಾಪಕ ಬಳಕೆಯಲ್ಲಿದೆ. ಆದರೆ ಈ ಲೆಕ್ಕವೊಂದೇ ಸಾಲದು. ಮೂಳೆ ಮುರಿದಾಗ ಅಥವಾ ರುಮಟಾಯ್ಡ್ ಸಂಧಿವಾತವಿದ್ದಾಗಲೂ ಇವು ಕಾಣಿಸಬಹುದು, ಮಂದಗತಿಯ ಸೋಂಕಿನಲ್ಲಿ ಬಹಳ ಕಡಿಮೆಯೂ ಇರಬಹುದು.

ಸವೆತದ ಚಿತ್ರ ಬೇರೆಯೇ ಆಗಿರುತ್ತದೆ. ಕೃತಕ ಕೀಲಿನ ಪಾಲಿಥಿಲೀನ್ ಸವೆದು ಉದುರುವ ಕಣಗಳನ್ನು ಮ್ಯಾಕ್ರೋಫೇಜ್ ಎಂಬ ಜೀವಕೋಶಗಳು ನುಂಗುತ್ತವೆ, ಆದರೆ ಅವನ್ನು ಅರಗಿಸಿಕೊಳ್ಳಲಾಗದೆ, ಉರಿಯೂತವನ್ನು ಹೆಚ್ಚಿಸುವ ಮತ್ತು ಸುತ್ತಲಿನ ಮೂಳೆ ಕರಗುವಂತೆ ಮಾಡುವ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತಲೇ ಇರುತ್ತವೆ. ಹೀಗೆ ಯಾವ ಸೋಂಕೂ ಇಲ್ಲದೆ ಕೀಲು ಸಡಿಲವಾಗುತ್ತದೆ. ಸಾಮಾನ್ಯ ಬೆಳಕಿನಲ್ಲಿ ಕಣ್ಣಿಗೆ ಬೀಳದ ಈ ಪ್ಲಾಸ್ಟಿಕ್ ಚೂರುಗಳು ಧ್ರುವೀಕೃತ ಬೆಳಕಿನಲ್ಲಿ ಹೊಳೆಯುತ್ತವೆ. ಲೋಹದ ಕಣಗಳಾದರೋ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಕೋಬಾಲ್ಟ್-ಕ್ರೋಮಿಯಂ ಲೋಹಗಳಿರುವ ಕೀಲುಗಳಲ್ಲಿ ಕೆಲವರಿಗೆ ರಕ್ತನಾಳಗಳ ಸುತ್ತ ಬಿಳಿ ರಕ್ತಕಣಗಳ ಇನ್ನೊಂದು ಬಗೆಯಾದ ಲಿಂಫೋಸೈಟ್‌ಗಳು ದಟ್ಟವಾಗಿ ನೆರೆದು, ಅಂಗಾಂಶದ ಮೇಲ್ಪದರ ನಶಿಸಿ, ಗಡ್ಡೆಯಂತೆ ತೋರುವ ಊತ ಬರುತ್ತದೆ. ವಿಲ್ಲರ್ಟ್ ಮತ್ತು ಸಂಗಡಿಗರು 2005ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಡಿಪ್ಯೂ ಕಂಪನಿ 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂಪಡೆದ ಎಎಸ್ಆರ್ ಸೊಂಟದ ಕೀಲುಗಳು ಲೋಹದ ಮೇಲೆ ಲೋಹ ಜಾರುವ ಬಗೆಯವು, ಅವುಗಳನ್ನು ಭಾರತದಲ್ಲೂ ಅಳವಡಿಸಲಾಗಿತ್ತು. ನಿಮ್ಮ ತಾಯಿಯವರ ಕೀಲು ಆ ಬಗೆಯದಲ್ಲದಿದ್ದರೂ ಕೃತಕ ಕೀಲಿನ ಲೋಹದ ತಲೆ ಮತ್ತು ತೊಡೆಮೂಳೆಯೊಳಗಿನ ಕಾಂಡ ಸೇರುವ ಜಾಗ ತುಕ್ಕು ಹಿಡಿದು ಇದೇ ಪ್ರತಿಕ್ರಿಯೆ ಉಂಟಾಗಬಹುದಾದ್ದರಿಂದ, ರಕ್ತದಲ್ಲಿನ ಕೋಬಾಲ್ಟ್ ಮತ್ತು ಕ್ರೋಮಿಯಂ ಪ್ರಮಾಣವನ್ನು ಪರೀಕ್ಷಿಸಬೇಕೇ ಎಂದು ಕೇಳಿ.

ವರದಿಯಲ್ಲಿ ‘ಲೋಹದ ಅಲರ್ಜಿ’ ಎಂದು ಖಚಿತವಾಗಿ ಬರೆಯಬೇಕೆಂದು ಅನೇಕ ಕುಟುಂಬದವರು ನಿರೀಕ್ಷಿಸುತ್ತಾರೆ. ಸ್ಲೈಡ್ ಒಂದನ್ನೇ ನೋಡಿ ಹಾಗೆ ಬರೆಯುವುದು ಸರಿಯಲ್ಲ. ಎಕ್ಸ್-ರೇ, ರಕ್ತಪರೀಕ್ಷೆ, ಕಲ್ಚರ್ ಮತ್ತು ಕೀಲನ್ನು ತೆರೆದಾಗ ಶಸ್ತ್ರವೈದ್ಯರು ಕಂಡದ್ದು, ಇವೆಲ್ಲವನ್ನೂ ಜೊತೆಗಿಟ್ಟು ಓದಿದಾಗಲೇ ಅಂಗಾಂಶದ ಚಿತ್ರಕ್ಕೆ ಅರ್ಥ ಬರುತ್ತದೆ.

ತಂದೆಯವರ ಮರುಶಸ್ತ್ರಚಿಕಿತ್ಸೆ ನೋಡಿಕೊಂಡವರ ಉತ್ತರ

ಮೇಲಿನ ಮಾತಿಗೆ ನನ್ನದೊಂದು ಅನುಭವವನ್ನು ಸೇರಿಸುತ್ತೇನೆ. ನಮ್ಮ ತಂದೆಯವರ ಮಾದರಿಯ ಜೊತೆ ಹೋದ ಅರ್ಜಿಯಲ್ಲಿ ‘ಸೊಂಟದ ಅಂಗಾಂಶ’ ಎಂದಷ್ಟೇ ಬರೆದಿದ್ದರು. ಬಂದ ವರದಿಯೂ ‘ದೀರ್ಘಕಾಲದ ಉರಿಯೂತ’ ಎಂಬ ಎರಡು ಪದಗಳಲ್ಲಿ ಮುಗಿದಿತ್ತು. ಕೀಲಿನ ಬಗೆ, ಅದನ್ನು ಹಾಕಿದ ವರ್ಷ, ಸ್ಕ್ಯಾನ್ ವರದಿ ಇವುಗಳನ್ನು ಒದಗಿಸಿ ಮರುಪರಿಶೀಲನೆಗೆ ವಿನಂತಿಸಿದಾಗ, ಅದೇ ಸ್ಲೈಡ್‌ಗಳನ್ನು ಧ್ರುವೀಕೃತ ಬೆಳಕಿನಲ್ಲಿ ನೋಡಿ ಪ್ಲಾಸ್ಟಿಕ್ ಸವೆತದ ಕಣಗಳು ಹೇರಳವಾಗಿವೆ ಎಂದು ವಿವರವಾಗಿ ಬರೆದುಕೊಟ್ಟರು. ಆದ್ದರಿಂದ ಮೊದಲ ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಪತ್ರ ಮತ್ತು ಕೀಲಿನ ಸ್ಟಿಕ್ಕರ್ ಅಂಟಿಸಿದ ಹಾಳೆಯನ್ನು ಈಗಲೇ ಹುಡುಕಿಡಿ. ತೆಗೆದ ಕೀಲನ್ನು ಎಸೆಯದೆ ಇಟ್ಟುಕೊಳ್ಳುವಂತೆ ಲಿಖಿತವಾಗಿ ಕೇಳುವುದೂ ಒಳ್ಳೆಯದು.

ಸ್ತನದ ಇಂಪ್ಲಾಂಟ್ ಇರುವವರ ಉತ್ತರ

ನನ್ನದು ಕೀಲಿನ ಸಮಸ್ಯೆಯಲ್ಲ. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಹಾಕಿದ ಇಂಪ್ಲಾಂಟ್‌ನ ಸುತ್ತ ವರ್ಷಗಳ ಬಳಿಕ ದ್ರವ ತುಂಬಿಕೊಂಡಿತು. ಸ್ತನದ ಇಂಪ್ಲಾಂಟ್‌ಗಳ ಸುತ್ತ ಬಹಳ ಅಪರೂಪವಾಗಿ ಲಿಂಫೋಮಾ ಎಂಬ ರಕ್ತಕಣಗಳ ಕ್ಯಾನ್ಸರಿನ ಒಂದು ಬಗೆ ಹುಟ್ಟಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲಿ ಎಚ್ಚರಿಸಿತ್ತು. ಒರಟು ಮೇಲ್ಮೈಯ ಇಂಪ್ಲಾಂಟ್‌ಗಳಲ್ಲಿ ಇದು ಹೆಚ್ಚು ಎಂಬುದು ನಂತರ ಸ್ಪಷ್ಟವಾಯಿತು. ಆ ಕ್ಯಾನ್ಸರಿನ ಜೀವಕೋಶಗಳನ್ನು ಗುರುತಿಸಲು ಸಿಡಿ30 ಎಂಬ ಪ್ರೋಟೀನಿನ ಪರೀಕ್ಷೆ ಬೇಕು. ನನ್ನ ವೈದ್ಯರು ದ್ರವವನ್ನು ಚೆಲ್ಲದೆ ಈ ಪರೀಕ್ಷೆಗೇ ಎಂದು ಹೆಸರಿಸಿ ಕಳುಹಿಸಿದರು. ಫಲಿತಾಂಶ ನೆಗೆಟಿವ್ ಬಂತು. ನಿಮ್ಮ ತಾಯಿಯವರ ಊತದಲ್ಲಿ ದ್ರವವಿದ್ದರೆ ಅದೂ ಪರೀಕ್ಷೆಗೆ ಹೋಗುತ್ತದೆಯೇ ಎಂದು ಕೇಳಲು ಹಿಂಜರಿಯಬೇಡಿ.

ಸ್ನಾಯು ಕಾಯಿಲೆಯಿರುವ ತಂಗಿಯನ್ನು ನೋಡಿಕೊಳ್ಳುವವರ ಉತ್ತರ

ಅಪರೂಪದ ಕಾಯಿಲೆಯ ಶಂಕೆಯ ಬಗ್ಗೆ ಹೇಳುವೆ. ನನ್ನ ತಂಗಿಯ ಕಾಲುಗಳ ದೌರ್ಬಲ್ಯವನ್ನು ಸ್ನಾಯುವಿನ ಉರಿಯೂತವೆಂದು ಭಾವಿಸಿ ದೀರ್ಘಕಾಲ ಸ್ಟೀರಾಯ್ಡ್ ಕೊಡಲಾಗಿತ್ತು, ಪ್ರಯೋಜನವಾಗಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾಡಿದ ಸ್ನಾಯು ಬಯಾಪ್ಸಿಯಲ್ಲಿ ಉರಿಯೂತದ ಕಣಗಳು ಕಂಡದ್ದು ನಿಜವಾದರೂ, ಡಿಸ್‌ಫರ್ಲಿನ್ ಎಂಬ ಪ್ರೋಟೀನ್ ಸ್ನಾಯುವಿನ ಪೊರೆಯಲ್ಲಿ ಇಲ್ಲವೆಂಬುದು ವಿಶೇಷ ಪರೀಕ್ಷೆಯಿಂದ ತಿಳಿಯಿತು, ಜೀನ್ ಪರೀಕ್ಷೆ ಅದನ್ನು ದೃಢಪಡಿಸಿತು. ಅದು ಆನುವಂಶಿಕ ಕಾಯಿಲೆ. ಸ್ಟೀರಾಯ್ಡ್ ನಿಲ್ಲಿಸಲು ಆಧಾರ ಸಿಕ್ಕಿದ್ದು ಆ ಸಣ್ಣ ತುಣುಕಿನಿಂದಲೇ. ಸ್ನಾಯುವಿನ ಅಂಗಾಂಶವನ್ನು ತಾಜಾ ಇರುವಾಗಲೇ ದ್ರವ ಸಾರಜನಕದಿಂದ ತಣಿಸಿದ ಐಸೊಪೆಂಟೇನ್‌ನಲ್ಲಿ ಹೆಪ್ಪುಗಟ್ಟಿಸಬೇಕು, ಫಾರ್ಮಲಿನ್‌ಗೆ ಹಾಕಿದ ತುಣುಕಿನಲ್ಲಿ ಕಿಣ್ವಗಳ ಪರೀಕ್ಷೆ ನಡೆಯುವುದಿಲ್ಲ. ಈ ಸೌಲಭ್ಯ ಎಲ್ಲ ಕಡೆ ಇರುವುದಿಲ್ಲವಾದ್ದರಿಂದ ಅಂಥ ಶಂಕೆಯಿದ್ದರೆ ಬಯಾಪ್ಸಿಯನ್ನು ಎಲ್ಲಿ ಮಾಡಿಸಬೇಕೆಂಬುದನ್ನು ಮುಂಚೆಯೇ ನಿರ್ಧರಿಸಿ.

ಮೊದಲು ಉತ್ತರಿಸಿದವರಿಂದ ಮತ್ತೊಂದು ಮಾತು

ಎರಡನೇ ಅಭಿಪ್ರಾಯ ಬೇಕೆನಿಸಿದರೆ ವರದಿಯ ಕಾಗದವಷ್ಟೇ ಸಾಲದು. ಸ್ಲೈಡ್‌ಗಳ ಜೊತೆಗೆ ಅಂಗಾಂಶವನ್ನು ಹುದುಗಿಸಿಟ್ಟ ಮೇಣದ ಬ್ಲಾಕ್‌ಗಳನ್ನೂ ಕೇಳಿ ಪಡೆಯಿರಿ, ಏಕೆಂದರೆ ಹೊಸ ಬಣ್ಣದ ಪರೀಕ್ಷೆಗಳಿಗೆ ಬೇಕಾದ ತೆಳುಪದರಗಳನ್ನು ಆ ಬ್ಲಾಕ್‌ನಿಂದಲೇ ಕತ್ತರಿಸಬೇಕು. ಅಮೈಲಾಯ್ಡ್ ಎಂಬ ಪ್ರೋಟೀನ್ ಶೇಖರಣೆಯ ಶಂಕೆ ತಡವಾಗಿ ಮೂಡಿದರೂ ಹಳೆಯ ಬ್ಲಾಕ್‌ನಿಂದ ಕತ್ತರಿಸಿದ ಪದರಕ್ಕೆ ಕಾಂಗೋ ರೆಡ್ ಬಣ್ಣ ಹಾಕಿ ನೋಡಲು ಸಾಧ್ಯ. ಬ್ಲಾಕ್‌ಗಳನ್ನು ಬಿಸಿಲಿನಲ್ಲಾಗಲಿ ಬಿಸಿಯಾದ ವಾಹನದಲ್ಲಾಗಲಿ ಇಡಬೇಡಿ, ಮತ್ತು ಕೆಲಸ ಮುಗಿದ ಮೇಲೆ ಅವು ಮೂಲ ಪ್ರಯೋಗಾಲಯಕ್ಕೆ ಹಿಂದಿರುಗುವಂತೆ ನೋಡಿಕೊಳ್ಳಿ.