ಆಮೆ ಟ್ಯಾಂಕ್ ನೀರು ಮಧ್ಯಾಹ್ನ 34 ಡಿಗ್ರಿ ಆಗುತ್ತಿದೆ, ಏನು ಮಾಡಲಿ?

ಕಲಬುರಗಿ_ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಹಟ ಹಿಡಿದಳು ಅಂತ ಡಿಸೆಂಬರ್‌ನಲ್ಲಿ ಒಂದು ರೆಡ್ ಇಯರ್ಡ್ ಸ್ಲೈಡರ್ ತಂದೆವು, ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುತ್ತದಲ್ವಾ, ಅದೇ ನೀರಾಮೆ. ಚಿಪ್ಪು 3 ಇಂಚು. ಟ್ಯಾಂಕ್ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ, ಅದರಲ್ಲಿ ಅರ್ಧ ನೀರು. ಅಂಗಡಿಯವರು 100 ವ್ಯಾಟ್ ಹೀಟರ್ ಕೊಟ್ಟು ಯಾವಾಗಲೂ ಆನ್ ಇರಲಿ ಅಂದರು. ಮೇಲೊಂದು ಬಲ್ಬ್ ಕೂಡ ಇದೆ. ಚಳಿಗಾಲ ಪೂರ್ತಿ ಆರಾಮಾಗಿತ್ತು. ಈಗ ಏಪ್ರಿಲ್, ನಮ್ಮದು ಮೇಲಿನ ಮಹಡಿ, ಸ್ಲ್ಯಾಬ್ ಕಾದು ಮಧ್ಯಾಹ್ನ 3ಕ್ಕೆ ಟ್ಯಾಂಕ್ ಗಾಜಿನ ಥರ್ಮಾಮೀಟರ್ ಸ್ಟಿಕ್ಕರ್ 34 ತೋರಿಸುತ್ತದೆ. ನಿನ್ನೆ ಗಾಬರಿಯಾಗಿ ಫ್ರಿಜ್‌ನ ಐಸೆಲ್ಲ ಸುರಿದೆ. ಹತ್ತು ನಿಮಿಷದಲ್ಲಿ 29ಕ್ಕೆ ಬಿತ್ತು, ಸಂಜೆಗೆ ಮತ್ತೆ 33. ಆಮೆ ಕಾಲು ತಲೆ ಒಳಗೆಳೆದುಕೊಂಡು ಮೂಲೆಯಲ್ಲಿ ಕೂತಿದೆ, ಎರಡು ದಿನದಿಂದ ಏನೂ ತಿಂದಿಲ್ಲ. ಮಗಳು ಅಳುತ್ತಿದ್ದಾಳೆ. ದಯವಿಟ್ಟು ಹೇಳಿ.

ಶಹಾಬಾದ್_ರೋಡ್:
ಅಕ್ಕಾ, ಮೊದಲು ಹೀಟರ್ ಪ್ಲಗ್ ತೆಗೆಯಿರಿ. ಹೀಟರನ್ನು ತಕ್ಷಣ ಎತ್ತಬೇಡಿ, 15 ನಿಮಿಷ ನೀರಿನಲ್ಲೇ ಆರಲಿ, ಬಿಸಿ ಗಾಜು ಹೊರಗೆ ಬಂದರೆ ಸೀಳುತ್ತದೆ. ನಮ್ಮ ಊರಲ್ಲಿ ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಸ್ಲೈಡರ್‌ಗೆ ಹೀಟರ್ ಬೇಕೇ ಇಲ್ಲ.

ಈ ಮರಿಗೆ ನೀರು 26 ರಿಂದ 28 ಇರಲಿ. ಬಿಸಿಲು ಕಾಯಿಸುವ ಜಾಗ, ಅಂದರೆ ಬಲ್ಬ್ ಕೆಳಗಿನ ಕಲ್ಲು, 32ರ ಹತ್ತಿರ. ನೀರು 30 ದಾಟಿ ದಿನಗಟ್ಟಲೆ ಉಳಿದರೆ ಅದಕ್ಕೆ ತಣ್ಣಗಾಗಲು ಜಾಗವೇ ಇರಲ್ಲ. ಆಮೆಗೆ ನಮ್ಮ ಹಾಗೆ ಮೈಯೊಳಗೆ ಬಿಸಿ ಹಿಡಿದಿಡಲು ಬರಲ್ಲ, ಬಿಸಿ ಬೇಕಾದರೆ ಕಲ್ಲು ಹತ್ತುತ್ತದೆ, ಸಾಕಾದರೆ ನೀರಿಗೆ ಇಳಿಯುತ್ತದೆ. ಎರಡೂ ಕಡೆ ಒಂದೇ ಬಿಸಿ ಆದರೆ ಅದು ಎಲ್ಲಿಗೆ ಹೋಗಬೇಕು?

ಐಸ್ ಸುರಿಯಬೇಡಿ. ಬಿಸಿಗಿಂತ ಈ ಏರಿಳಿತ ಇನ್ನೂ ಕೆಟ್ಟದ್ದು. ನಿಮ್ಮ ಟ್ಯಾಂಕ್ ತುಂಬಿದರೆ ಸುಮಾರು 56 ಲೀಟರ್, ಅರ್ಧ ಅಂದರೆ 28. ಅಷ್ಟು ಕಡಿಮೆ ನೀರು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಮೇಲೆ ನಾಲ್ಕು ಬೆರಳು ಬಿಟ್ಟು ತುಂಬಿಸಿ, ಕಲ್ಲನ್ನೂ ಎತ್ತರಿಸಿ. ಈ ಆಮೆ ಚೆನ್ನಾಗಿ ಈಜುತ್ತದೆ, ಭಯ ಬೇಡ. ಆದರೆ ಮಧ್ಯಾಹ್ನ ಸಿಂಟೆಕ್ಸ್ ನೀರು ಬಿಡಬೇಡಿ, ಅದು ಕುದಿದಂತಿರುತ್ತದೆ. ಹಿಂದಿನ ದಿನವೇ ಬಕೆಟ್‌ನಲ್ಲಿ ಹಿಡಿದು ನೆರಳಲ್ಲಿಡಿ, ಕ್ಲೋರಿನ್ ವಾಸನೆಯೂ ಹೋಗುತ್ತದೆ.

ಆಮೇಲೆ ಟ್ಯಾಂಕನ್ನು ಕೆಳಗಿನ ಮನೆಗೆ ಒಯ್ಯಿರಿ, ಆಗದಿದ್ದರೆ ನೆಲದ ಪರಸಿ ಮೇಲಾದರೂ ಇಡಿ. ಹಿಂಬದಿ, ಪಕ್ಕದ ಗಾಜಿಗೆ ಒದ್ದೆ ಗೋಣಿಚೀಲ ಸುತ್ತಿ. ಒಂದು ಸಣ್ಣ ಫ್ಯಾನ್ ನೀರಿನ ಮೇಲೆ ಅಡ್ಡಡ್ಡ ಗಾಳಿ ಬೀಸುವ ಹಾಗೆ ಇಡಿ, ವೈರ್ ನೀರಿಗೆ ತಾಗದ ಹಾಗೆ ನೋಡಿಕೊಳ್ಳಿ. ನಮ್ಮದು ಒಣ ಸೆಕೆ, ನೀರು ಬೇಗ ಆವಿಯಾಗಿ ಬಿಸಿ ಎಳೆದುಕೊಂಡು ಹೋಗುತ್ತದೆ. ಮನೆಯ ಕೂಲರ್ ಕೆಲಸ ಮಾಡುವುದೂ ಹೀಗೇ ಅಲ್ವಾ. ನಮ್ಮ ಮನೆಯಲ್ಲಿ ಹೋದ ವರ್ಷ 33 ಇದ್ದದ್ದು ಎರಡು ತಾಸಲ್ಲಿ 29ಕ್ಕೆ ಬಂತು. ದಿನಾ ಸಂಜೆ ಎರಡು ಚೆಂಬು ನೀರು ಸೇರಿಸಬೇಕಾಗುತ್ತದೆ, ಅಷ್ಟೇ.

ಬಲ್ಬ್ ಬೆಳಗ್ಗೆ 7 ರಿಂದ 10 ಸಾಕು. ಯುವಿಬಿ ಟ್ಯೂಬ್, ಅಂದರೆ ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಕೊಡುವ ದೀಪ, ಅದನ್ನು ಮಾತ್ರ ನಿಲ್ಲಿಸಬೇಡಿ, ಅದಿಲ್ಲದಿದ್ದರೆ ಚಿಪ್ಪು ಮೆತ್ತಗಾಗುತ್ತದೆ. ಕಿಟಕಿ ಗಾಜಿನಿಂದ ಬರುವ ಬಿಸಿಲು ಅದಕ್ಕೆ ಸಾಟಿಯಲ್ಲ, ಯುವಿಬಿ ಗಾಜಿನಲ್ಲೇ ತಡೆದುಹೋಗುತ್ತದೆ, ಸುಮ್ನೆ ಟ್ಯಾಂಕ್ ಕಾಯುತ್ತದೆ.

ಬೀದರ್_ಕೋಟೆ:
ಮೇಲಿನವರು ಹೇಳಿದ್ದು ಸರಿ. ನನಗೆ ಚಳಿಗಾಲದ ಮಾತು ಹೇಳಬೇಕಿದೆ, ಬೀದರ್‌ನಲ್ಲಿ ಡಿಸೆಂಬರ್ ರಾತ್ರಿ ಒಳ್ಳೆಯ ಚಳಿ, ಆಗ ಹೀಟರ್ ಬೇಕೇ ಬೇಕು. ಅಂದಾಜು ಒಂದು ಲೀಟರ್‌ಗೆ ಒಂದು ವ್ಯಾಟ್. ನಿಮ್ಮ 28 ಲೀಟರ್‌ಗೆ 100 ವ್ಯಾಟ್ ತುಂಬಾ ಜಾಸ್ತಿ, ತುಂಬಿದ ಟ್ಯಾಂಕ್‌ಗೂ 50 ವ್ಯಾಟ್ ಸಾಕು.

ಎರಡು ವರ್ಷದ ಹಿಂದೆ ನನ್ನ ಹೀಟರ್ ಒಳಗಿನ ಥರ್ಮೋಸ್ಟಾಟ್ ರಾತ್ರಿ ಕೆಟ್ಟು, ಆಫ್ ಆಗಲೇ ಇಲ್ಲ. ಬೆಳಗ್ಗೆ ಕೈ ಹಾಕಿದರೆ ನೀರು ಸ್ನಾನದ ನೀರಿನಂತೆ ಬೆಚ್ಚಗಿತ್ತು. ಆಮೆ ಕಲ್ಲಿನ ಮೇಲೆ ಹತ್ತಿ ಕೂತಿದ್ದರಿಂದ ಬದುಕಿತು. ಆವತ್ತಿನಿಂದ ಹೀಟರನ್ನು ಹೊರಗಿನ ಟೆಂಪರೇಚರ್ ಕಂಟ್ರೋಲರ್‌ಗೆ ಹಾಕಿದ್ದೇನೆ. ಅದರ ವೈರ್ ತುದಿ ನೀರಲ್ಲಿರುತ್ತದೆ, 27 ಆದರೆ ಕರೆಂಟ್ ತಾನೇ ಕಡಿಯುತ್ತದೆ. ಹೀಟರ್ ಸುತ್ತ ಪ್ಲಾಸ್ಟಿಕ್ ಜಾಲರಿಯೂ ಇರಲಿ, ದೊಡ್ಡದಾದ ಆಮೆ ಗುದ್ದಿ ಗಾಜು ಒಡೆಯುತ್ತದೆ.

ಯಾದಗಿರಿ_ನೀರು:
ಆ ಸ್ಟಿಕ್ಕರ್ ನಂಬಬೇಡಿ ಅಕ್ಕಾ, ಅದು ಗಾಜಿನ ಬಿಸಿ, ಕೋಣೆಯ ಬಿಸಿ ಎರಡೂ ಸೇರಿಸಿ ಹೇಳುತ್ತದೆ. ವೈರ್ ತುದಿ ನೀರಲ್ಲಿಡುವ ಡಿಜಿಟಲ್ ಥರ್ಮಾಮೀಟರ್ ತನ್ನಿ. ಎರಡಿದ್ದರೆ ಒಂದು ನೀರಿಗೆ, ಒಂದು ಕಲ್ಲಿಗೆ.

ಮೂಗಿನಿಂದ ಗುಳ್ಳೆ ಬಂದರೆ, ಒಂದು ಕಡೆ ವಾಲಿಕೊಂಡು ತೇಲಿದರೆ, ಬಾಯಿ ತೆರೆದು ಉಸಿರಾಡಿದರೆ ಕಾಯಬೇಡಿ, ಅದು ನ್ಯುಮೋನಿಯಾ ಇರಬಹುದು. ಹತ್ತಿರ ಆಮೆ ನೋಡುವ ಡಾಕ್ಟರ್ ಸಿಗದಿದ್ದರೆ ಬೀದರ್‌ನ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ಇನ್ನೊಂದು, ಬೇಸಿಗೆ ಕಷ್ಟ ಆಯಿತು ಅಂತ ಯಾರೂ ಇದನ್ನು ಕಲಬುರಗಿಯ ಅಪ್ಪನ ಕೆರೆಗೆ ಬಿಡಬೇಡಿ. ಇದು ಅಮೆರಿಕದ ಆಮೆ, ನಮ್ಮ ನೀರಲ್ಲಿ ಬೆಳೆದರೆ ಇಲ್ಲಿನ ಆಮೆಗಳ ಊಟ, ಜಾಗ ಎರಡನ್ನೂ ಕಿತ್ತುಕೊಳ್ಳುತ್ತದೆ.

ಕಲಬುರಗಿ_ಅಮ್ಮ:
ನಾಲ್ಕು ದಿನ ಆಯಿತು, ಬರೆಯಲು ತಡವಾಯಿತು. ಟ್ಯಾಂಕ್ ಕೆಳಗೆ ಅತ್ತೆಯವರ ಕೋಣೆಗೆ ಒಯ್ದೆವು, ಪರಸಿ ಮೇಲೆ ಇಟ್ಟೆವು, ನೀರು ತುಂಬಿಸಿದೆವು, ಗೋಣಿಚೀಲವನ್ನು ಅತ್ತೆಯೇ ದಿನಕ್ಕೆ ಮೂರು ಸಲ ಒದ್ದೆ ಮಾಡುತ್ತಾರೆ. ಹೊಸ ಥರ್ಮಾಮೀಟರ್‌ನಲ್ಲಿ ಬೆಳಗ್ಗೆ 27, ಮಧ್ಯಾಹ್ನ 29. ನಿನ್ನೆ ಮಧ್ಯಾಹ್ನ ಒಂದು ತಾಸು ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು, ಆದರೂ 30 ದಾಟಲಿಲ್ಲ. ಇವತ್ತು ಬೆಳಗ್ಗೆ ಕಲ್ಲು ಹತ್ತಿ ಹಿಂಗಾಲು ಚಾಚಿ ಮಲಗಿತ್ತು, ಆಮೇಲೆ ಮಗಳ ಕೈಯಿಂದಲೇ ನಾಲ್ಕು ಕಾಳು ತಿಂದಿತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೀದರ್ ಅಣ್ಣಾ, ಆ ಕಂಟ್ರೋಲರ್‌ಗೆ 50 ವ್ಯಾಟ್ ಹೀಟರ್ ಹೇಗೆ ಜೋಡಿಸುವುದು ಅಂತ ಒಂದು ಫೋಟೋ ಹಾಕುತ್ತೀರಾ? ಚಳಿಗಾಲಕ್ಕೆ ಮುಂಚೆಯೇ ತಂದಿಡುತ್ತೇನೆ.